ಟೈಲರಮ್ಮನ ಕಿಟಕಿ ಮತ್ತು ನೀಲಿ ಟ್ಯೂಬು

ಆ ಬೀದಿಯಲ್ಲಿ ಟೈಲರಮ್ಮನ ಮನೆ ಯಾವುದೆಂದು ಕೇಳಿದರೆ ಯಾರೂ ಗೇಟಿನ ಬಣ್ಣ ಹೇಳುತ್ತಿರಲಿಲ್ಲ. "ಹಾಡಹಗಲೇ ಕಿಟಕಿ ಮುಚ್ಚಿರುತ್ತಲ್ಲ, ಅದೇ ಮನೆ" ಎನ್ನುತ್ತಿದ್ದರು. ಹೊಸ ಗಿರಾಕಿಗಳು ಒಳಗೆ ಯಾರೋ ತೀರಿಕೊಂಡಿರಬೇಕೆಂದು ಮುಖ ಸಪ್ಪಗೆ ಮಾಡಿಕೊಂಡು, ಮೆಲ್ಲಗೆ ಬಾಗಿಲು ತಟ್ಟುತ್ತಿದ್ದರು. ತೀರಿಕೊಂಡವರು ಯಾರೂ ಇರಲಿಲ್ಲ. ಒಳಗೆ ಟೈಲರಮ್ಮನ ಯಜಮಾನರು ಸಿನಿಮಾ ನೋಡುತ್ತಿದ್ದರು, ಅಷ್ಟೇ.

ಆ ಮನೆಯನ್ನು ಆರಿಸಿದವಳು ಟೈಲರಮ್ಮನೇ. ಆರಿಸಿದ್ದು ನಡುಮನೆಯ ಕಿಟಕಿಗಾಗಿ. ಗೋಡೆಯ ಅರ್ಧದಷ್ಟು ಅಗಲದ ಕಿಟಕಿ. ಬೆಳಗಾದರೆ ಬಿಸಿಲು ನೇರ ಒಳಗೆ ಬಂದು ನೆಲದ ಮೇಲೆ ಕಾಲು ಚಾಚುತ್ತಿತ್ತು. ಅದರ ಕೆಳಗೆ ಹೊಲಿಗೆ ಮಿಷನ್ನು ಇಟ್ಟುಕೊಂಡು ಅವಳು ಊರಿಗೆಲ್ಲ ಕೋಟು ಹೊಲಿದಳು. ಅವಳು ಹೊಲಿದ ಕಾಲರು ಎಷ್ಟು ಸಲ ಒಗೆದರೂ ಬಗ್ಗುತ್ತಿರಲಿಲ್ಲ ಎಂಬ ಹೆಸರಿತ್ತು. ಆ ಹೆಸರು ಬಂದದ್ದು ಆ ಕಿಟಕಿಯ ಬುಡದಲ್ಲಿ.

ಯಜಮಾನರು ನೀರಿನ ಇಲಾಖೆಯಲ್ಲಿ ಮನೆ ಮನೆಯ ಮೀಟರು ಓದುತ್ತಿದ್ದವರು. ಜೀವನಪೂರ್ತಿ ಬಗ್ಗಿ, ಮುಚ್ಚಳ ಎತ್ತಿ, ಹುಳುಗಳ ನಡುವೆ ಅಂಕಿ ನೋಡಿದವರಿಗೆ ತಲೆಯೆತ್ತಿ ನೋಡುವ ಆಸೆ ಹುಟ್ಟಿದರೆ ತಪ್ಪೇನಿಲ್ಲ. ಆದರೆ ಆಕಾಶ ನೋಡಬಹುದಿತ್ತು. ಅವರು ಪ್ರೊಜೆಕ್ಟರು ತಂದರು. ಬಾಗಿಲು ಮುಚ್ಚುತ್ತಿದ್ದ ಯಾವುದೋ ಕ್ಲಬ್ಬಿನವರು ಕೊಟ್ಟ ಹಳೇ ಕಾಲದ ಸಾಮಾನು ಅದು, ಬಟ್ಟೆ ತುಂಬುವ ಟ್ರಂಕಿನಷ್ಟು ದೊಡ್ಡದು. ಮುಖದ ಮೇಲೆ ಮೂರು ಗಾಜಿನ ಕಣ್ಣು, ಒಂದೊಂದರ ಹಿಂದೆ ಒಂದೊಂದು ಟ್ಯೂಬು: ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಮೂರೂ ಬಣ್ಣ ಗೋಡೆಯ ಮೇಲೆ ಒಂದರ ಮೇಲೊಂದು ಕೂತರೆ ಸಿನಿಮಾ. ನಾಲ್ಕು ಜನ ಸೇರಿ ಅದನ್ನು ತಲೆಕೆಳಗು ಮಾಡಿ ಸೂರಿಗೆ ಬೋಲ್ಟು ಹಾಕಿ ತೂಗುಹಾಕಿದರು.

ಹಾಕಿದ ಮೇಲೆ ಗೊತ್ತಾಯಿತು, ಈ ಮಹರಾಯನಿಗೆ ಕತ್ತಲೆ ಬೇಕೆಂದು. ಕಡ್ಡಿ ಗೀರಿದಷ್ಟು ಬೆಳಕಿದ್ದರೂ ಗೋಡೆ ಮೇಲಿನ ನಾಯಕ ಮಾಯ. ಯಜಮಾನರು ಕಿಟಕಿಗೆ ಹಲಗೆ ಬಡಿದರು. ಸಂದಿಯಲ್ಲಿ ಬೆಳಕು ಬಂತು. ಆಗ ಎರಡು ಪದರದ ಕಪ್ಪು ಪರದೆ ಬೇಕಾಯಿತು. ಅದನ್ನು ಹೊಲಿದವರು ಯಾರು? ಟೈಲರಮ್ಮ! ತನ್ನ ಕಿಟಕಿಗೆ ತಾನೇ ಅಳತೆ ತೆಗೆದು, ಅಂಚು ಮಡಚಿ, ಅಚ್ಚುಕಟ್ಟಾಗಿ ಹೊಲಿದು ಕೊಟ್ಟಳು. ಎಂಥ ಪೆದ್ದಿ ಅಂತೀರಾ? ಅವಳೂ ಹಾಗೇ ಅಂದುಕೊಂಡಳು, ಆದರೆ ಆಮೇಲೆ. ಮಿಷನ್ನು ಅಡುಗೆಮನೆಯ ಮೂಲೆಗೆ, ಫ್ರಿಜ್ಜಿನ ಮಗ್ಗುಲಿಗೆ ಹೋಯಿತು. ಮೇಲೊಂದು ಬಲ್ಬು ನೇತಾಡಿತು.

ಹೀಗೇ ವರ್ಷಗಳು ಹೋದವು. ಯಜಮಾನರು ನಿವೃತ್ತರಾದರು, ಅಂದರೆ ಹಗಲೂ ಸಿನಿಮಾ ಶುರುವಾಯಿತು. ಆ ಪೆಟ್ಟಿಗೆಯ ಬಗ್ಗೆ ಅವರಿಗೆ ತಿಳಿಯದ್ದು ಜಗತ್ತಿನಲ್ಲಿ ಇಲ್ಲವೆಂದು ಅವರ ನಂಬಿಕೆ. ಧೂಳು ಒರೆಸಲೂ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ತಾವು ಏಣಿ ಹತ್ತಿದಾಗ ಟಾರ್ಚು ಹಿಡಿಯುವ ಭಾಗ್ಯ ಮಾತ್ರ ಹೆಂಡತಿಗೆ. ಅವಳು ಕೆಳಗಿನಿಂದ ಏನಾದರೂ ಹೇಳಹೋದರೆ, "ನಿಂಗೇನ್ ಗೊತ್ತಾಗುತ್ತೆ? ನೀನು ಟಾರ್ಚ್ ಸರಿಯಾಗಿ ಹಿಡಿ" ಎಂಬ ಮಾತು ಸ್ವಿಚ್ಚು ಒತ್ತಿದ ಹಾಗೆ ಬರುತ್ತಿತ್ತು.

ಅತ್ತ ನೀಲಿ ಟ್ಯೂಬಿಗೂ ವಯಸ್ಸಾಯಿತು. ನೀಲಿ ಸೊರಗಿದ ಮೇಲೆ ಗೋಡೆ ಮೇಲಿನ ಪ್ರಪಂಚವೆಲ್ಲ ಹಳದಿ. ಸಮುದ್ರ ಹಳದಿ, ಮಂಜು ಹಳದಿ, ಮದುಮಗಳು ಹಳದಿ. ಯಜಮಾನರು ಮೊದಲು ಇದು ನಿರ್ದೇಶಕರ ಉದ್ದೇಶ ಎಂದರು. ಎಲ್ಲ ನಿರ್ದೇಶಕರಿಗೂ ಒಂದೇ ಉದ್ದೇಶ ಇರುವುದು ಹೇಗೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇತ್ತ ಅಡುಗೆಮನೆಯಲ್ಲಿ ಟೈಲರಮ್ಮ ದಾರದ ತುದಿಯನ್ನು ಒದ್ದೆ ಮಾಡಿ, ಚೂಪು ಮಾಡಿ, ಸೂಜಿಯ ಕಣ್ಣು ಹುಡುಕುತ್ತಿದ್ದಳು. ಸಿಕ್ಕರೆ ಅದೃಷ್ಟ. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗಿದ್ದರು. ಬೀದಿ ಮೂಲೆಯಲ್ಲಿ ತೆರೆದ ರೆಡಿಮೇಡ್ ಅಂಗಡಿಗೆ ಅವಳು ಬೆಳಿಗ್ಗೆ ಒಂದು, ಸಂಜೆ ಒಂದು ಶಾಪ ಹಾಕುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ: ಕಣ್ಣು ಪೂರ್ತಿ ಕೈಕೊಡುವ ಮೊದಲು ಆ ಕಿಟಕಿ.

ಒಂದು ಭಾನುವಾರ ಅವಳ ತಮ್ಮ ಬಂದ. ಗೋಡೆಗೆ ಅಂಟಿಸುವ ತೆಳ್ಳನೆ ಟೀವಿ ಕೊಂಡು, ಅದನ್ನು ಹೇಳಿಕೊಳ್ಳುವುದಕ್ಕೆಂದೇ ಬಂದಿದ್ದ. ಕತ್ತಲಲ್ಲಿ ತಡಕಾಡಿ ಕುರ್ಚಿ ಹಿಡಿದು ಕೂತು, ಸ್ವಲ್ಪ ಹೊತ್ತು ನೋಡಿ, "ಭಾವ, ಏನು ಈ ಊರಿನವರಿಗೆಲ್ಲ ಒಟ್ಟಿಗೇ ಕಾಮಾಲೆ ಬಂದಿದ್ಯಾ?" ಎಂದ.

ಭಾವನಿಗೆ ಮೈಯೆಲ್ಲ ಉರಿಯಿತು. "ನೀಲಿ ಟ್ಯೂಬ್ ಒಂದು ಸ್ವಲ್ಪ ವೀಕಾಗಿದೆ. ಇನ್ನೊಂದು ತರಿಸಿದೀನಿ. ಮುಂದಿನ ಭಾನುವಾರ ಬಾ, ನಿನ್ನ ಟೀವೀನ ನೀನೇ ಅಟ್ಟಕ್ಕೆ ಹಾಕ್ತೀಯ."

"ಯಾರು ಹಾಕ್ತಾರೆ ಟ್ಯೂಬು? ಇದನ್ನ ರಿಪೇರಿ ಮಾಡೋರು ಈಗ ಯಾರಿದಾರೆ?"

"ಯಾರು ಯಾಕೆ ಬೇಕು? ನಾನಿಲ್ವಾ?"

ಆಗ ಟೈಲರಮ್ಮ ಕಾಫಿ ಲೋಟ ಕೆಳಗಿಟ್ಟು ಕೇಳಿದಳು, "ಆಗ್ಲಿಲ್ಲ ಅಂದ್ರೆ?"

"ಆಗ್ದೇ ಏನು?"

"ಆಗ್ಲಿಲ್ಲ ಅಂದ್ರೆ ಅಂತ ಕೇಳ್ದೆ."

"ಆಗ್ಲಿಲ್ಲ ಅಂದ್ರೆ ಪೆಟ್ಟಿಗೆ ಇಳಿಸಿ ಕಿಟಕಿ ತೆಗೀತೀನಿ. ನಿನ್ನ ಮಿಷನ್ನು ಅಲ್ಲೇ ಇಟ್ಕೋ. ಸರೀನಾ?"

ಎಂದೂ ನಡೆಸಬೇಕಾಗುವುದಿಲ್ಲ ಎಂಬ ಧೈರ್ಯದಲ್ಲಿ ಗಂಡಸರು ಕೊಡುವ ಮಾತು ಅದು. "ಕೇಳಿಸ್ಕೊಂಡ್ಯೇನೋ?" ಎಂದು ಅವಳು ತಮ್ಮನ ಕಡೆ ತಿರುಗಿದಳು. ತಮ್ಮ ತಲೆಯಾಡಿಸಿದ. ಅವನು ಕೇಳದಿದ್ದರೂ ಅವಳು ಇನ್ನೊಂದು ಲೋಟ ಕಾಫಿ ಕೊಟ್ಟಳು.

ಆ ವಾರವೆಲ್ಲ ಯಜಮಾನರು ಪ್ರೊಜೆಕ್ಟರಿನ ಜೊತೆ ಬಂದಿದ್ದ ಪುಸ್ತಕ ಓದಿದರು. ಊಟ ಮಾಡುವಾಗಲೂ ಬೆರಳಾಡಿಸುತ್ತ ಬಾಯಿಪಾಠ ಮಾಡಿದರು: "ಮುಂದೆ ನಿಂತು ನೋಡಿದ್ರೆ ಎಡಕ್ಕೆ ನೀಲಿ, ನಡುವೆ ಹಸಿರು, ಬಲಕ್ಕೆ ಕೆಂಪು." ಪುಸ್ತಕದಲ್ಲಿದ್ದ ಚಿತ್ರದಲ್ಲಿ ಪೆಟ್ಟಿಗೆ ಮೇಜಿನ ಮೇಲೆ ಸುಖವಾಗಿ ಕೂತಿತ್ತು. ತಮ್ಮ ಪೆಟ್ಟಿಗೆ ಕಾಲು ಮೇಲೆ ಮಾಡಿ ನೇತಾಡುತ್ತಿದೆ, ನೇತಾಡುವವನಿಗೆ ಎಡ ಬಲ ಅದಲುಬದಲು ಎಂಬುದು ಅವರ ತಲೆಗೆ ಹೋಗಲಿಲ್ಲ. ಪೆಟ್ಟಿಗೆ ಹೊತ್ತಿಸಿ ಒಮ್ಮೆ ತಲೆಯೆತ್ತಿ ನೋಡಿದ್ದರೂ ಯಾವ ಕಣ್ಣಿಂದ ಯಾವ ಬಣ್ಣ ಬರುತ್ತದೆಂದು ಮಗುವಿಗೂ ಕಾಣುತ್ತಿತ್ತು. ಆದರೆ ಅವರು ಇಷ್ಟು ವರ್ಷವೂ ನೋಡಿದ್ದು ಗೋಡೆಯನ್ನು. ಪುಸ್ತಕ ಕೈಯಲ್ಲಿರುವಾಗ ಕಣ್ಣು ಬಳಸುವುದು ಅವಮಾನವೆಂದು ತಿಳಿದವರು ಬೇಕಾದಷ್ಟಿದ್ದಾರೆ, ಇವರೊಬ್ಬರೇ ಅಲ್ಲ.

ಭಾನುವಾರ ಬೆಳಿಗ್ಗೆ ಏಣಿ ಬಂತು. ಯಜಮಾನರು ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡು ಹತ್ತಿದರು. ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟರು. ಒಳಗೆ ಉಳಿದಿರುವ ಕರೆಂಟು ಹೊಡೆಯಬಹುದೆಂದು ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ ಎಲ್ಲೆಲ್ಲೋ ಮುಟ್ಟಿಸಿದರು. ಒಂದು ಕಡೆ ಚಟ್ ಎಂದಿತು, ಏಣಿಯೇ ನಡುಗಿತು. ಅವಳು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಟಾರ್ಚು ಹಿಡಿದು ಕತ್ತೆತ್ತಿ ನಿಂತಳು.

ಅವರು ಕೈ ಹಾಕಿದ್ದು ಬಾಗಿಲ ಕಡೆಯ ಟ್ಯೂಬಿಗೆ.

ಆ ಪೆಟ್ಟಿಗೆಯ ಕೆಳಗೆ ಬಟ್ಟೆಬುಟ್ಟಿ ಹೊತ್ತು ದಿನವೂ ಓಡಾಡಿದವಳು ಅವಳು. ಕಿಟಕಿ ಕಡೆಯ ಕಣ್ಣು ನೀಲಿ, ಬಾಗಿಲ ಕಡೆಯದು ಕೆಂಪು. ಒಮ್ಮೆ ಬಿಳಿ ಬಟ್ಟೆ ಒಯ್ಯುವಾಗ ಅದರ ಮೇಲೆ ಕೆಂಪು ಬಿದ್ದು, ಕರೆಯಾಯಿತೆಂದು ಎದೆ ಧಸಕ್ಕೆಂದದ್ದು ಅವಳಿಗೆ ನೆನಪಿತ್ತು. ಬಾಯಿ ತೆರೆದಳು. ಆಗ ಮೇಲಿನಿಂದಲೇ ಪ್ರಶ್ನೆ ಇಳಿಯಿತು, "ಇದೇ ಅಲ್ವಾ ನೀಲಿ?"

ಪಾಪ, ಅದು ಪ್ರಶ್ನೆಯೂ ಅಲ್ಲ. ತಮ್ಮ ಜಾಣತನವನ್ನು ತಾವೇ ಒಮ್ಮೆ ಮುಟ್ಟಿ ನೋಡಿಕೊಂಡದ್ದು.

ಟೈಲರಮ್ಮ ಬಾಯಿ ಮುಚ್ಚಿದಳು. ಹಲಗೆ ಬಡಿದ ಕಿಟಕಿಯ ಕಡೆ ಒಮ್ಮೆ ನೋಡಿ, "ನಂಗೇನ್ ಗೊತ್ತಾಗುತ್ತೆ?" ಎಂದಳು. ಟಾರ್ಚನ್ನು ಮಾತ್ರ ಬಹಳ ಸರಿಯಾಗಿ ಹಿಡಿದಳು.

ಯಜಮಾನರು ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ಪ್ಲಗ್ಗು ಕಿತ್ತರು, ಸುರುಳಿ ಸಡಿಲಿಸಿದರು, ಸ್ಕ್ರೂ ಬಿಚ್ಚಿದರು. ಟ್ಯೂಬು ಕಾಯದಿರಲೆಂದು ಅದರ ಮುಂದೆ ತುಂಬಿದ್ದ ದ್ರವ ಸ್ವಲ್ಪ ಅವರ ತೋಳಿನಿಂದ ಅಂಗಿಯೊಳಗೆ ಇಳಿಯಿತು. "ನನ್ನ ಮಾನ ಕಳೆದೆಯಲ್ಲೋ ಪಾಪಿ" ಎಂದು ಕೈಯಲ್ಲಿದ್ದ ಟ್ಯೂಬನ್ನು ಬೈದು, ಕೆಳಗಿದ್ದ ಬಕೆಟ್ಟಿಗೆ ಎಸೆದರು. ಅದು ಬಾಂಬಿನ ಹಾಗೆ ಸಿಡಿಯಿತು. ಯಾವ ಪಾಪವನ್ನೂ ಮಾಡದ, ಇಷ್ಟು ವರ್ಷ ನಿಯತ್ತಾಗಿ ದುಡಿದ ಕೆಂಪು ಟ್ಯೂಬು ಪುಡಿಪುಡಿ. ಅದರ ಜಾಗಕ್ಕೆ ಹೊಸ ನೀಲಿ ಟ್ಯೂಬು ಹೋಯಿತು. ಮೂರಕ್ಕೂ ಒಂದೇ ಅಳತೆ, ಸಲೀಸಾಗಿ ಕೂತಿತು.

ಮಧ್ಯಾಹ್ನ ತಮ್ಮ ಬಂದು ಮುಂದಿನ ಕುರ್ಚಿಯಲ್ಲೇ ಕೂತ. ಯಜಮಾನರು ಎರಡು ಮಾತು ಭಾಷಣ ಮಾಡಿ ಸ್ವಿಚ್ಚು ಒತ್ತಿದರು. ಗೋಡೆ ಬೆಳಗಿತು. ನಾಯಕಿ ಬಂದಳು. ಮುಖ ಹಸಿರು, ತುಟಿ ನೀಲಿ. ನಾಯಕ ಅವಳಿಗೆ ಹೂ ಕೊಟ್ಟ, ಅದೂ ನೀಲಿ. ಆಮೇಲೆ ಹೊಡೆದಾಟದಲ್ಲಿ ಖಳನಾಯಕನ ಮೂಗಿನಿಂದ ಪೆನ್ನಿನ ಇಂಕು ಸೋರಿತು.

ತಮ್ಮ ಬಹಳ ಹೊತ್ತು ತಡೆದುಕೊಂಡ. ಆಮೇಲೆ, "ಭಾವ, ಕಾಮಾಲೆ ವಾಸಿಯಾಯ್ತು ಬಿಡಿ. ಈಗ ಹೆಣಗಳು ನಟಿಸ್ತಿವೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಟ್ಯೂಬು ಕಳಿಸಿದವನಿಗೆ ಯಜಮಾನರು ಅಲ್ಲಿಂದಲೇ ಫೋನು ಮಾಡಿ ಕೂಗಾಡಿದರು. ಅವನು ಸಮಾಧಾನವಾಗಿ, "ಸೂರಿಗೆ ತೂಗುಹಾಕಿದೀರಾ ಸಾರ್? ಹಂಗಾದ್ರೆ ಎಡ ಬಲ ಉಲ್ಟಾ ಆಗುತ್ತಲ್ಲ. ನೀವು ಕೆಂಪು ತೆಗೆದುಬಿಟ್ಟಿದೀರ. ಪರವಾಗಿಲ್ಲ, ಅದನ್ನೇ ವಾಪಸ್ ಹಾಕಿ" ಎಂದ. ಬಕೆಟ್ಟಿನ ಕಡೆ ಯಾರೂ ನೋಡಲಿಲ್ಲ. ಇನ್ನೊಂದು ಕೆಂಪು ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಅವನು, "ಎಲ್ಲಿಂದ ತರ್ಲಿ ಸಾರ್, ನನ್ನ ಹತ್ರ ಉಳಿದಿದ್ದು ಆ ನೀಲಿ ಒಂದೇ, ತಯಾರು ಮಾಡೋದು ನಿಲ್ಲಿಸಿ ಎಷ್ಟು ಕಾಲ ಆಯ್ತು" ಎಂದು ಫೋನು ಇಟ್ಟುಬಿಟ್ಟ.

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮೊದಲು ಪುಸ್ತಕ ಬರೆದವರಿಗೆ ಬೈಗುಳ. ಆಮೇಲೆ ತೂಗುಹಾಕಿದ ನಾಲ್ವರಿಗೆ. ಕೊನೆಗೆ ಕಣ್ಣು ಹೆಂಡತಿಯ ಕಡೆ ತಿರುಗಿತು. "ನೀನು ಕೆಳಗೇ ಇದ್ದೆಯಲ್ಲ, ನಿಂಗೂ ಕಾಣ್ಲಿಲ್ವಾ?"

"ನಾನು ಟಾರ್ಚ್ ಹಿಡಿದಿದ್ದೆ" ಎಂದಳು ಟೈಲರಮ್ಮ. ಅವಳಿಗೆ ಸ್ವಲ್ಪ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು. ಎರಡನ್ನೂ ನುಂಗಿಕೊಂಡು, "ಹಲಗೆ ಯಾವಾಗ ತೆಗೀತೀರ?" ಎಂದು ಕೇಳಿದಳು.

ಯಜಮಾನರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೇನೋ ಅಂದರು: ನೋಡೋಣ, ವಿಚಾರಿಸೋಣ, ಕಪ್ಪು ಬಿಳುಪಿನ ಸಿನಿಮಾ ಆದರೂ ನೋಡಬಹುದಲ್ಲ. ಆದರೆ ಸಾಕ್ಷಿ ಅಲ್ಲೇ ಕೂತಿದ್ದ, ಅದೂ ನಗುತ್ತ. ಅವನೇ ಸುತ್ತಿಗೆ ತಂದು ಮೊಳೆ ಕೀಳಲು ಶುರುಮಾಡಿದ. ಪೆಟ್ಟಿಗೆ ಇಳಿಯಿತು, ಹಲಗೆ ಬಿತ್ತು, ಪರದೆ ಒಗೆಯುವ ಬುಟ್ಟಿಗೆ ಹೋಯಿತು. ಸಂಜೆಯ ಹೊತ್ತಿಗೆ ಮಿಷನ್ನು ತನ್ನ ಹಳೇ ಜಾಗದಲ್ಲಿ ನಿಂತಿತು.

ಮರುದಿನ ಬೆಳಿಗ್ಗೆ ಬಿಸಿಲು ಬರುವುದಕ್ಕೂ ಮೊದಲೇ ಅವಳು ಅಲ್ಲಿ ಕೂತಿದ್ದಳು. ಬಿಸಿಲು ಬಿದ್ದೊಡನೆ ಸೂಜಿಯ ಕಣ್ಣು ತಾನಾಗಿ ಕಂಡಿತು. ಒಂದೇ ಸಲಕ್ಕೆ ದಾರ ಹೋಯಿತು. ಅವಳಿಗೆ ಹಾಡಬೇಕೆನಿಸಿತು. ಅರ್ಧ ಹೊಲಿದಿಟ್ಟಿದ್ದ ವಕೀಲರ ಕಪ್ಪು ಕೋಟು ತೆಗೆದು ಬೆಳಕಿಗೆ ಹಿಡಿದಳು.

ಕೋಟು ಕಪ್ಪು. ಹೊಲಿಗೆ ನೀಲಿ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಕಡು ನೀಲಿ ದಾರ, ಕತ್ತಿನಿಂದ ತೋಳಿನವರೆಗೂ ಎದ್ದು ಕಾಣುತ್ತಿತ್ತು. ಅದೂ ನೆಟ್ಟಗಿರಲಿಲ್ಲ, ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ವಾಲಿತ್ತು. ಓಡಿಹೋಗಿ ಬುಟ್ಟಿಯಲ್ಲಿದ್ದ ಉಳಿದ ಬಟ್ಟೆಗಳನ್ನು ತಂದಳು. ಕಂದು ಪ್ಯಾಂಟಿಗೆ ಹಸಿರು ದಾರ. ಬಿಳಿ ಅಂಗಿಯ ಕಾಲರು ಒಂದು ಕಡೆ ಬೆರಳಗಲ ಜಾಸ್ತಿ. ಬಲ್ಬಿನ ಕೆಳಗೆ ಇವೆಲ್ಲ ಎಷ್ಟು ಚೆನ್ನಾಗಿ ಕಂಡಿದ್ದವು! ಇಂಥವನ್ನು ಎಷ್ಟು ಮನೆಗೆ ಮಡಚಿ, ಇಸ್ತ್ರಿ ಮಾಡಿ, ಹೆಮ್ಮೆಯಿಂದ ಕೊಟ್ಟಿದ್ದಳೋ. ಒಬ್ಬರೂ ಏನೂ ಹೇಳಿರಲಿಲ್ಲ. "ಚೆನ್ನಾಗಿದೆ ಟೈಲರಮ್ಮ" ಎಂದು ತೆಗೆದುಕೊಂಡು ಹೋಗಿ, ಮತ್ತೆ ಬಂದಿರಲಿಲ್ಲ. ಸುಮ್ಮನೆ ಆ ರೆಡಿಮೇಡ್ ಅಂಗಡಿಯವನಿಗೆ ಶಾಪ ಹಾಕಿದ್ದಾಯಿತು.

ಮಾನ ಹೋದ ಸಂಕಟದಲ್ಲಿ ಅವಳು ಅತ್ತಳು. ಸಿಟ್ಟಿನಲ್ಲೂ ಅತ್ತಳು. ಯಜಮಾನರು ಕೈಯಲ್ಲಿ ಪೇಪರು ಹಿಡಿದುಕೊಂಡು ಬಂದವರು ನಿಂತರು. ಕೋಟು ಎತ್ತಿ ನೋಡಿದರು. ಮೀಟರು ಓದಿದ ಕಣ್ಣು, ಹಗಲಲ್ಲಿ ಅದಕ್ಕೂ ಕಂಡಿತು. ನಿಜವಾಗಿಯೂ ನೊಂದ ದನಿಯಲ್ಲಿ ಕೇಳಿದರು, "ಅಲ್ಲಿ ಕೂತ್ರೆ ಕಣ್ಣೇ ಕಾಣ್ತಿಲ್ಲ ಅಂತ ಒಂದ್ಸಲ ಬಾಯಿಬಿಟ್ಟು ಹೇಳಬಾರ್ದಿತ್ತೇನೇ?"

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳಿದ್ದೆ" ಎಂದಳು. "ಎಷ್ಟೋ ಸಲ ಹೇಳಿದ್ದೆ. ನೀವು 'ತಡಿ, ಈ ಸೀನ್ ಮುಗೀಲಿ' ಅಂತಿದ್ರಿ."

ಅವಳು ಕೋಟನ್ನು ಮಡಿಲಲ್ಲಿ ಹರಡಿಕೊಂಡು, ಕತ್ತಿನ ಹತ್ತಿರದಿಂದ ನೀಲಿ ದಾರವನ್ನು ಬಿಚ್ಚಲು ಶುರುಮಾಡಿದಳು.