ಹತ್ತಕ್ಕೊಂದು ಕೊಸರು

ರಜೆಗೆ ಊರಿಗೆ ಬಂದಾಗಲೆಲ್ಲ ಯಾವುದಾದರೂ ಶಾಲೆಯವರು ನನ್ನನ್ನು ಹಿಡಿದುಹಾಕುತ್ತಾರೆ. ಗಡಿ ಕಾಯುವ ಪಡೆಯಲ್ಲಿರುವ ಹೆಂಗಸು ಎಂದರೆ ನಮ್ಮ ಕಡೆ ಇನ್ನೂ ತಿರುಗಿ ನೋಡುತ್ತಾರೆ. ಶಿರಾದಲ್ಲಿ ಒಂದು ಕಾಲೇಜು, ಕೊರಟಗೆರೆಯಲ್ಲಿ ಇನ್ನೊಂದು, ಮಧುಗಿರಿಯಲ್ಲಂತೂ ಎರಡು ಸಲ ಆಯಿತು. ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೈಗಿಡುತ್ತಾರೆ, ಮೈಕು ಕೊಡುತ್ತಾರೆ. ಛಲವೊಂದಿದ್ದರೆ ಸಾಕು, ಮಧ್ಯದಲ್ಲಿ ಕೈಚೆಲ್ಲಬೇಡಿ ಎಂದು ನಾನು ಹೇಳುತ್ತೇನೆ. ಮುಂದಿನ ಸಾಲಿನ ಹುಡುಗಿಯರು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರು ಬರೆದುಕೊಳ್ಳುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರ ಮೇಲಲ್ಲ, ನನ್ನ ಮೇಲೆ.

ನಮ್ಮೂರು ಮಿಡಿಗೇಶಿಯ ಹತ್ತಿರ. ಊರಿನಿಂದ ಒಟ್ಟಿಗೆ ಬಸ್ಸು ಹತ್ತಿ ಮಧುಗಿರಿಗೆ ಕಾಲೇಜಿಗೆ ಹೋಗುತ್ತಿದ್ದ ನಾವಿಬ್ಬರು ಗೆಳತಿಯರು ಒಂದೇ ದಿನ ಅರ್ಜಿ ಹಾಕಿದೆವು. ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಉಳಿದದ್ದು ಓಟ. ಸಾವಿರದ ಆರುನೂರು ಮೀಟರನ್ನು ಎಂಟೂವರೆ ನಿಮಿಷದೊಳಗೆ ಮುಟ್ಟಬೇಕು. ನಮ್ಮೂರಲ್ಲಿ ಮೈದಾನ ಎಲ್ಲಿಂದ ತರುವುದು? ನೀರು ಬತ್ತಿದ ಕೆರೆಯಂಗಳವೇ ಗತಿ ಎಂದುಕೊಂಡೆವು. ಅಳೆದುಕೊಡಲು ತಾತನನ್ನು ಕೇಳಿದೆವು. ಸುತ್ತಲಿನ ಊರುಗಳಲ್ಲಿ ಕಣದ ರಾಶಿ ಅಳೆಯಲು, ಬಾವಿಗೆ ಹಗ್ಗ ಅಳೆಯಲು ನನ್ನ ತಾತನನ್ನೇ ಕರೆಯುತ್ತಿದ್ದರು. ಅವನು ಅಳೆದದ್ದನ್ನು ಯಾರೂ ಮತ್ತೆ ಅಳೆಯುತ್ತಿರಲಿಲ್ಲ. ಮಧುಗಿರಿಯ ಬಟ್ಟೆ ಅಂಗಡಿಯ ಮೀಟರ್ ಕಡ್ಡಿಯಲ್ಲಿ ಇಪ್ಪತ್ತು ಮೀಟರ್ ಹಗ್ಗ ಅಳೆಸಿಕೊಂಡು ಬಂದ. ಅಂಥ ಇಪ್ಪತ್ತು ಹಗ್ಗಕ್ಕೆ ಒಂದು ಸುತ್ತು, ನಾಲ್ಕು ಸುತ್ತಿಗೆ ಲೆಕ್ಕ ಸರಿ. ನಾವಿಬ್ಬರೂ ಜಾಲಿ ಮುಳ್ಳು ಕಡಿದು ದಾರಿ ಬಿಡಿಸುತ್ತಿದ್ದಾಗ ಅವನು ರಾಶಿ ಅಳೆಯುವವರ ಹಾಗೆಯೇ ಒಂದು ಎನ್ನದೆ 'ಲಾಭ, ಎರಡು, ಮೂರು' ಎಂದು ಎಣಿಸುತ್ತ ಸುತ್ತು ಹಾಕಿದ. ಗುರುತಿಗೆ ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟೆವು.

ಏಳೆಂಟು ತಿಂಗಳು ದಿನಾ ಬೆಳಗಾಗುತ್ತಲೇ ಓಡಿದೆವು. ಮನೆಯ ಹಳೇ ಮೊಬೈಲಿನಲ್ಲಿ ಟೈಮು ನೋಡುತ್ತಿದ್ದೆವು. ಅವಳು ನನಗಿಂತ ಚುರುಕು. ಉಸಿರು ಸಾಲದೆ ನಾನು ಮೂರನೆಯ ಸುತ್ತಿನಲ್ಲೇ ಹಿಂದೆ ಬೀಳುತ್ತಿದ್ದೆ, ಅವಳು ಜಡೆ ಕುಣಿಸಿಕೊಂಡು ಕೆರೆ ತೂಬಿನ ಹತ್ತಿರ ಆಗಲೇ ತಿರುಗಿರುತ್ತಿದ್ದಳು. ದನ ಹೊಡೆದುಕೊಂಡು ಹೋಗುವವರು ಏರಿಯ ಮೇಲೆ ನಿಂತು, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಛೇಡಿಸುತ್ತಿದ್ದರು. ನಾನು ಸಿಡುಕುತ್ತಿದ್ದೆ, ಅವಳು ನಗುತ್ತಿದ್ದಳು. ಆದರೆ ಎಷ್ಟು ಓಡಿದರೂ ಮೊಬೈಲು ಮಾತ್ರ ಒಪ್ಪುತ್ತಿರಲಿಲ್ಲ. ನಾನು ಒಂಬತ್ತು ನಿಮಿಷದ ಆಚೀಚೆ. ಅವಳು ಎಂಟೂವರೆಯ ಹತ್ತಿರ ಹತ್ತಿರ ಬಂದು, ಹತ್ತು ಹದಿನೈದು ಸೆಕೆಂಡು ದಾಟಿಯೇ ಮುಟ್ಟುತ್ತಿದ್ದಳು. ಬರುಬರುತ್ತಾ ನಗುವುದನ್ನೂ ಬಿಟ್ಟಳು.

ಅಷ್ಟರಲ್ಲಿ ಪಾವಗಡದ ಕಡೆಯಿಂದ ಅವಳಿಗೆ ಗಂಡು ಬಂತು. ಒಳ್ಳೆಯ ಸಂಬಂಧವೇ. ಅವಳಪ್ಪ ಬಲವಂತ ಮಾಡಲಿಲ್ಲ. ಆಯ್ಕೆಯಾಗುವ ನಂಬಿಕೆ ಇದ್ದರೆ ಹೋಗು, ಇಲ್ಲದಿದ್ದರೆ ಅವರಿಗೆ ಮಾತು ಕೊಡುತ್ತೇನೆ ಎಂದರಂತೆ. ಒಂದು ಶನಿವಾರ ಅವಳು ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಕಟ್ಟುವವಳ ಹಾಗೆ ದುಪಟ್ಟ ಬಿಗಿದುಕೊಂಡು, ಇವತ್ತು ಟೈಮಿಗೆ ಮುಟ್ಟಿದರೆ ಸೆಲೆಕ್ಷನ್ನಿಗೆ, ಇಲ್ಲದಿದ್ದರೆ ಪಾವಗಡಕ್ಕೆ ಎಂದಳು. ಅವಳು ಅಷ್ಟು ಚೆನ್ನಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಕಲ್ಲು ಮುಟ್ಟಿ ನನ್ನ ಕೈಯಿಂದ ಮೊಬೈಲು ಕಸಿದುಕೊಂಡು ನೋಡಿದಳು. ಎಂಟೂವರೆಯ ಮೇಲೆ ಒಂಬತ್ತು ಸೆಕೆಂಡು.

'ನನ್ ಕೈಲಾಗೋದು ಇಷ್ಟೇ ಕಣೇ' ಅಂದಳು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲಿಲ್ಲ. ಮಾರನೆಯ ದಿನದಿಂದ ಕೆರೆಯಂಗಳಕ್ಕೆ ಬರಲೂ ಇಲ್ಲ.

ನಾನು ಬಿಡಲಿಲ್ಲ. ಇದನ್ನೇ ಈಗ ಛಲ ಎಂದು ಭಾಷಣದಲ್ಲಿ ಹೇಳುವುದು. ಛಲವೂ ಇಲ್ಲ, ಮಣ್ಣೂ ಇಲ್ಲ. ನನ್ನನ್ನು ಕೇಳಿಕೊಂಡು ಯಾವ ಗಂಡೂ ಬಂದಿರಲಿಲ್ಲ, ಬೆಳಗ್ಗೆ ಎದ್ದು ಬೇರೆ ಎಲ್ಲಿಗೆ ಹೋಗಬೇಕೋ ಗೊತ್ತಿರಲಿಲ್ಲ. ಒಬ್ಬಳೇ ಓಡಿದೆ. ಮುಂದೆ ಒಂದು ಬೆನ್ನು ಕಾಣುತ್ತಿದ್ದರೆ ಓಡುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು. ಕೆರೆಯಂಗಳದಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು, ಒಂದೊಂದು ದಿನ ಹೆದರಿಕೆಯೂ ಆಗುತ್ತಿತ್ತು.

ಸೆಲೆಕ್ಷನ್ನು ಬೆಂಗಳೂರಿನ ಆಚೆ ಒಂದು ದೊಡ್ಡ ಮೈದಾನದಲ್ಲಿ ನಡೆಯಿತು. ಸೋಲುತ್ತೇನೆಂದು ಗೊತ್ತಿದ್ದೇ ಹೋದೆ. ನಾಲ್ಕನೆಯ ಸುತ್ತಿನಲ್ಲಿ ಇನ್ನೂ ಓಡುವುದಿದೆ ಅಂದುಕೊಳ್ಳುವಷ್ಟರಲ್ಲಿ ಗೆರೆ ಬಂದುಬಿಟ್ಟಿತು. ಟೈಮು ಇನ್ನೂ ಉಳಿದಿತ್ತು. ಬರೆದುಕೊಳ್ಳುವವರು ತಪ್ಪು ಮಾಡಿದ್ದಾರೆಂದು ನಾನೇ ಹೋಗಿ ಎರಡು ಸಲ ಕೇಳಿದೆ, ಬೈಸಿಕೊಂಡೆ.

ಊರಿಗೆ ಬಂದು ತಾತನ ಮುಂದೆ ಕೂತು, ಅವರ ಮೈದಾನ ನಮ್ಮ ಕೆರೆಗಿಂತ ಚಿಕ್ಕದಾಗಿತ್ತು ಎಂದೆ. ತಾತ ಎಲೆ ಅಡಿಕೆ ಮಡಿಸುತ್ತ ನಕ್ಕ.

'ಅವ್ರು ಕೊಸರು ಆಕಿರಾಕಿಲ್ಲ ಬುಡು. ನಾನು ಹತ್ತಕ್ಕೊಂದು ಕೊಸರು ಆಕಿದ್ದೆ ಕಣವ್ವ. ಕೊಸರಿಲ್ದೆ ಅಳದ್ರೆ ಶ್ರೇಯಸ್ಸಾ?'

ನಮ್ಮಲ್ಲಿ ರಾಗಿ ಅಳೆದರೂ ಹುರುಳಿ ಅಳೆದರೂ ಹತ್ತು ಸೇರಿಗೆ ಒಂದು ಸೇರು ಲೆಕ್ಕಕ್ಕೆ ಹಿಡಿಯದೆ ಮೇಲೆ ಹಾಕುತ್ತಾರೆ. ಅದು ಕೊಸರು. ಹಾಕಿದೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಕೊಟ್ಟದ್ದು ಕೊಟ್ಟ ಹಾಗಲ್ಲ ಎನ್ನುತ್ತಿದ್ದ ತಾತ. ಮೊಮ್ಮಗಳ ಕೆಲಸದ ವಿಷಯದಲ್ಲಿ ಕೈ ಬಿಗಿ ಹಿಡಿಯಲು ಅವನಿಗೆ ಮನಸ್ಸಾಗಿಲ್ಲ. ಇಪ್ಪತ್ತು ಹಗ್ಗದ ಸುತ್ತಿಗೆ ಎರಡು ಹಗ್ಗ ಧಾರಾಳವಾಗಿ ಬಿಟ್ಟಿದ್ದ. ನಾಲ್ಕು ಸುತ್ತಿಗೆ ನೂರ ಅರವತ್ತು ಮೀಟರು. ತಿಂಗಳುಗಟ್ಟಲೆ ನಾವು ದಿನಾ ಅಷ್ಟನ್ನು ಹೆಚ್ಚಿಗೆ ಓಡಿ ಸೋತಿದ್ದೆವು. ಲೆಕ್ಕ ಹಾಕಿದರೆ ಆ ಶನಿವಾರ ನನ್ನ ಗೆಳತಿ ಎಂಟು ನಿಮಿಷದೊಳಗೇ ಮುಟ್ಟಿದ್ದಳು.

ಈಗ ಹೇಳಬೇಕಾದ ಮಾತಿಗೆ ಬಂದೆ. ಅವಳ ಓಟದ ದಿನ ಇನ್ನೂ ಮುಗಿದಿರಲಿಲ್ಲ. ಅವಳ ನಂಬರಿಗೆ ಬೇರೆ ತಾರೀಕು ಕೊಟ್ಟಿದ್ದರು, ಅದಕ್ಕೆ ಎರಡು ದಿನ ಬಾಕಿ ಇತ್ತು. ನಾನು ಎದ್ದು ನೇರ ಅವಳ ಮನೆಗೇ ಹೋದೆ. ಬಾಗಿಲ ಮುಂದೆ ಚಪ್ಪರ ಹಾಕುತ್ತಿದ್ದರು. ಒಳಗೆ ಮುತ್ತೈದೆಯರು ಹಾಡು ಹೇಳಿಕೊಂಡು ಒರಳಿನಲ್ಲಿ ಅರಿಶಿನ ಕುಟ್ಟುತ್ತಿದ್ದರು. ಅವಳು ಹೊರಗೆ ಓಡಿಬಂದು ಹೇಗಾಯಿತೆಂದು ಕೇಳಿದಳು. ಆಯ್ತು ಕಣೇ, ಪಾಸು ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನನಗಾಗಿ ಅತ್ತಳು, ನಿಜವಾಗಿ ಸಂತೋಷಪಟ್ಟಳು.

ನಾನು ಹೇಳಲಿಲ್ಲ. ಚಪ್ಪರ ನೋಡಿ ಬಾಯಿ ಬರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಓದಿನಲ್ಲಿ, ಓಟದಲ್ಲಿ, ನೋಡುವುದಕ್ಕೆ, ಎಲ್ಲದರಲ್ಲೂ ನಾನು ಅವಳ ಹಿಂದೆಯೇ ಇದ್ದವಳು. ಊರಿನಲ್ಲಿ ಮೊದಲ ಸಲ ನನ್ನೊಬ್ಬಳ ಮಾತು ಆಡುವವರಿದ್ದರು. ಅದನ್ನು ಹಂಚಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಕೊಟ್ಟ ಹುರಿಗಡಲೆ ಸಕ್ಕರೆ ತಿಂದು ಮನೆಗೆ ಬಂದೆ.

ಆಮೇಲಿನ ಹದಿನೈದು ಹದಿನಾರು ವರ್ಷ ಮರಳುಗಾಡು, ಹಿಮ, ತಗಡಿನ ಬ್ಯಾರಕ್ಕು. ಮದುವೆಯಾಗಲಿಲ್ಲ. ಕನ್ನಡ ಬರುವವರು ಒಬ್ಬರೂ ಇಲ್ಲದ ಕಡೆ ತಿಂಗಳುಗಟ್ಟಲೆ ಇದ್ದು, ರೊಟ್ಟಿ ತಟ್ಟುವಾಗ ಗೋಡೆಯ ಜೊತೆ ಮಾತಾಡಿದ್ದೇನೆ. ಇದನ್ನು ಹೇಳಿಕೊಳ್ಳಬಹುದಾಗಿದ್ದ ಒಬ್ಬಳೇ ಗೆಳತಿ ಅವಳು. ಅವಳಿಗೇ ಹೇಳುವಂತಿರಲಿಲ್ಲ.

ಹೋದ ರಜೆಯಲ್ಲಿ ಅವಳದೇ ಫೋನು ಬಂತು. ಪಾವಗಡದ ಕಡೆ ತನ್ನೂರಿನ ಶಾಲೆಯಲ್ಲಿ ಅವಳು ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಗಳು ಅಲ್ಲೇ ಒಂಬತ್ತನೇ ತರಗತಿ, ಜಿಲ್ಲೆಯ ಮಟ್ಟಕ್ಕೆ ಓಡುತ್ತಾಳಂತೆ. ಒಂದು ಸಲ ಬಂದು ಹುಡುಗಿಯರಿಗೆ ನಾಲ್ಕು ಮಾತು ಹೇಳು ಎಂದಳು. ಹೋದೆ. ಅರ್ಧ ತೆಲುಗು ಅರ್ಧ ಕನ್ನಡದ ಮಕ್ಕಳ ಮುಂದೆ ಎಂದಿನ ಭಾಷಣ ಶುರುಮಾಡಿದೆ. ಕೈಚೆಲ್ಲಬೇಡಿ ಎನ್ನುವ ಜಾಗಕ್ಕೆ ಬಂದಾಗ ಅವಳು ಬಾಗಿಲಲ್ಲಿ ಸೌಟು ಹಿಡಿದು ನಿಂತು ತಲೆಯಾಡಿಸುತ್ತಿದ್ದಳು. ನೀರು ಕುಡಿದು ಹೇಗೋ ಮುಗಿಸಿದೆ.

ಮಕ್ಕಳ ಊಟವಾದ ಮೇಲೆ ಅಡುಗೆ ಕೋಣೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಕೊಸರು ಹೇಳಿದೆ, ನೂರ ಅರವತ್ತು ಮೀಟರ್ ಹೇಳಿದೆ. ಅವಳು ತೊಳೆಯುವುದನ್ನು ನಿಲ್ಲಿಸಲಿಲ್ಲ. ಯಾವಾಗ ಗೊತ್ತಾಯಿತು ಎಂದು ಮಾತ್ರ ಕೇಳಿದಳು. ನಿನ್ನ ಅರಿಶಿನ ಕುಟ್ಟಿದ ದಿನ ಎಂದೆ. ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟಳು.

'ನನ್ ಕೈಲಾಗ್ನಿಲ್ಲ, ಅದುಕ್ಕೇ ಇಲ್ಲಿದ್ದೀನಿ ಅಂತ ಇಷ್ಟು ವರ್ಷ ಮನಸಿಗೆ ಯೋಳ್ಕಂಡು ನೆಮ್ಮದಿಯಾಗಿದ್ದೆ. ಈಗ ಬಂದು ಅದ್ನೂ ಕಿತ್ಕಂಡ್ಬುಟ್ಯಲ್ಲೇ.'

ಕ್ಷಮಿಸು ಎನ್ನಲು ಬಾಯಿ ತೆರೆದೆ. ಬೇಡ ಎಂಬಂತೆ ಒದ್ದೆ ಕೈ ಎತ್ತಿದಳು.

'ನನ್ ಮಗಳ ತಾವ ಮಾತ್ರ ಯೋಳ್ಬ್ಯಾಡ. ಅವ್ಳು ನಿನ್ ಮಕ ನೋಡ್ಕಂಡೇ ಓಡ್ತಾ ಇರಾದು.'

ಬಸ್ಸಿನ ತನಕ ಅವಳು ಬರಲಿಲ್ಲ, ಮಗಳನ್ನು ಕಳಿಸಿದಳು. ಹುಡುಗಿ ನನ್ನ ಚೀಲ ಹೊತ್ತುಕೊಂಡು, ಟ್ರೇನಿಂಗ್ ಹೇಗಿರುತ್ತದೆ, ಬಂದೂಕು ಎಷ್ಟು ಭಾರ ಎಂದೆಲ್ಲ ಕೇಳುತ್ತ ಬಂದಳು. ಬಸ್ಸು ಕಾಣಿಸಿದಾಗ ತಡೆಯಲಾರದೆ, ನಿಮ್ಮಮ್ಮ ನನಗಿಂತ ಜೋರಾಗಿ ಓಡುತ್ತಿದ್ದಳು, ಅವಳೇ ಮುಂದೆ, ನಾನು ಹಿಂದೆ ಎಂದೆ. ಅಷ್ಟಾದರೂ ನಿಜ ಅವಳಿಗೆ ಸಿಗಲಿ ಅನ್ನಿಸಿತು.

ಹುಡುಗಿ ನಕ್ಕುಬಿಟ್ಟಳು. 'ಅಮ್ಮುಂಗೆ ಬೇಜಾರಾಗ್ಬಾರ್ದು ಅಂತ ಯೋಳ್ತೀರ ಅಲ್ವಾ ಆಂಟಿ? ಅಮ್ಮುಂದು ಅರ್ಧುಕ್ಕೇ ಬುಡೋ ಬುದ್ಧಿ, ನಂಗೊತ್ತು.'

ಅವಳು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ನಾನು ಇಸಿದುಕೊಂಡು ಕೂತೆ.