ಮುಳಗುಂದ ಸರ್ ಕೇಳಿದ ಗೆರೆ

ಮುಳಗುಂದ ಸರ್ ಯಾವ ಪ್ರಶ್ನೆಗೂ ಒಂದೇ ಸಂಖ್ಯೆಯ ಉತ್ತರ ಕೊಟ್ಟವರಲ್ಲ. ಮನೆಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದರೆ, ಬಲಗೈಯಿಂದ ಗಾಳಿಯಲ್ಲೊಂದು ದಿಬ್ಬ ಬರೆದು, "ಹತ್ತರಿಂದ ಹನ್ನೊಂದರೊಳಗ ಬಾ. ಹೆಚ್ಚಾಗಿ ಹತ್ತೂವರಿಕ್ಕ ಚಹಾ ಆಗಿರತೈತಿ" ಎನ್ನುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು ಅವರು. ಮೊದಲು ಏನು ನಂಬಿದ್ದೆವು, ಮಾಹಿತಿ ಸಿಕ್ಕ ಮೇಲೆ ಆ ನಂಬಿಕೆ ಎಷ್ಟು ಬದಲಾಯಿತು ಎಂದು ಲೆಕ್ಕ ಹಾಕಿ, ಕೊನೆಗೆ ಉಳಿಯುವ ಸಾಧ್ಯತೆಗಳನ್ನೆಲ್ಲ ಒಂದು ಗೆರೆಯಾಗಿ ಬರೆಯಬೇಕು. ಅದಕ್ಕೆ ಪೋಸ್ಟೀರಿಯರ್ ಎನ್ನುತ್ತಾರೆ. ಗೆರೆ ಎಲ್ಲಿ ಎತ್ತರವೋ ಅಲ್ಲಿ ಸಾಧ್ಯತೆ ಹೆಚ್ಚು. ಗೆರೆ ಇಲ್ಲದೆ ಬರೀ ಸರಾಸರಿ ಬರೆದು ತಂದವರ ಹಾಳೆಯನ್ನು ಸರ್ ಓದುತ್ತಲೇ ಇರಲಿಲ್ಲ. ನಮಗೆಲ್ಲ ಸಿಟ್ಟು ಬರುತ್ತಿತ್ತು.

ನಿವೃತ್ತರಾಗಿ ನವನಗರದಲ್ಲಿ ಒಬ್ಬರೇ ಇದ್ದಾಗ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಔಷಧ ಹಿಡಿದರೆ ಕೆಲವು ವರ್ಷ, ಹಿಡಿಯದಿದ್ದರೆ ಕೆಲವು ತಿಂಗಳು ಎಂದರಂತೆ ಡಾಕ್ಟರು. ಸರ್ ವರದಿಗಳನ್ನೆಲ್ಲ ನನಗೆ ಕೊಟ್ಟು, ಉಳಿದ ಆಯುಷ್ಯದ ಗೆರೆ ಬರೆದು ತಾ ಎಂದರು. ಒಬ್ಬಳೇ ಮಗಳು ವಿದ್ಯಾ ಬೆಳಗಾವಿಯಲ್ಲಿ ಶಿಕ್ಷಕಿ. ಅವಳನ್ನು ಈಗಲೇ ಕರೆಸಬೇಕೋ, ಬೇಸಿಗೆ ರಜೆಗೆ ಬಂದರೆ ಸಾಕೋ, ಅವರಿಗೆ ತಿಳಿಯಬೇಕಿದ್ದುದು ಅಷ್ಟೇ.

ಗೆರೆಯಲ್ಲಿ ಎರಡು ದಿಬ್ಬ ಬಂದವು. ಒಂದು ಎರಡು ತಿಂಗಳ ಹತ್ತಿರ, ಇನ್ನೊಂದು ನಾಲ್ಕು ವರ್ಷದ ಹತ್ತಿರ. ಆ ಮೊದಲ ದಿಬ್ಬವನ್ನು ಸರ್‌ಗೆ ತೋರಿಸಲು ನನಗೆ ಧೈರ್ಯವಾಗಲಿಲ್ಲ. ಗೆರೆಯ ಏರಿಳಿತ ತಗ್ಗಿಸಿ ನುಣುಪು ಮಾಡಲು ಲೆಕ್ಕದಲ್ಲಿ ಒಂದು ಅಳತೆ ಇರುತ್ತದೆ. ಅದನ್ನು ಏರಿಸುತ್ತ ಹೋದೆ. ಎರಡೂ ದಿಬ್ಬ ಕರಗಿ, ಎರಡು ವರ್ಷದ ಸುತ್ತ ಒಂದೇ ಗುಡ್ಡವಾಯಿತು. ಅದನ್ನೇ ಒಯ್ದು ಕೊಟ್ಟೆ. ಸರ್ ನನ್ನೆದುರಿಗೇ ಮಗಳಿಗೆ ಫೋನ್ ಮಾಡಿ, ಅವಸರವಿಲ್ಲ, ರಜೆಯಲ್ಲೇ ಬಾ ಎಂದರು.

ಒಂದು ವಾರ ಬಿಟ್ಟು ನನ್ನನ್ನು ಕರೆಸಿದರು. ಹಾಳೆ ಅವರ ತೊಡೆಯ ಮೇಲಿತ್ತು.

"ತಂಗಿ, ಔಷಧ ಹತ್ತತೈತಿ, ಇಲ್ಲಾ ಹತ್ತೂದಿಲ್ಲ. ಒಂದ ದಿಬ್ಬ ಹ್ಯಾಂಗ ಬಂತು?"

ಅಳುತ್ತಲೇ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಎರಡು ದಿಬ್ಬದ ನಡುವಿನ ತಗ್ಗಿನ್ಯಾಗ ನನ್ನ ಕುಂದ್ರಿಸೀದಿ. ಅಲ್ಲಿ ಯಾರೂ ಇರೂದಿಲ್ಲವ್ವಾ. ಖರೇ ಗೆರಿ ತೋರ್ಸು."

ಅಲ್ಲೇ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಮೊದಲ ದಿಬ್ಬದ ಮೇಲೆ ಬೆರಳಿಟ್ಟು, ಕೆಳಗಿದ್ದ ತಿಂಗಳ ಲೆಕ್ಕ ಓದಿದರು. ಆಮೇಲೆ ಮಗಳಿಗೆ ಫೋನ್ ಹಚ್ಚಲು ಹೇಳಿದರು.

ಮರುದಿನವೇ ವಿದ್ಯಾ ಬಂದಳು. ದಿನಾ ಅಪ್ಪನಿಗೆ ಪೇಪರ್ ಓದಿ ಹೇಳುವಳು, ಹಟ ಮಾಡಿ ಗಂಜಿ ಕುಡಿಸುವಳು. ಇಬ್ಬರೂ ಜಗಳವಾಡುವುದು ಗೇಟಿನವರೆಗೆ ಕೇಳುತ್ತಿತ್ತು. ಔಷಧ ಹತ್ತಲಿಲ್ಲ. ಶಾಲೆಗೆ ರಜೆ ಬೀಳುವ ಮೊದಲೇ ಸರ್ ಹೋದರು.

ಮಣ್ಣು ಮಾಡಿ ಬಂದ ಸಂಜೆ ವಿದ್ಯಾ ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀವು ಗೆರಿ ತೋರ್ಸಿದ್ದಕ್ಕ ನನಗ ಅಪ್ಪಾನ ಜೋಡಿ ಐದು ವಾರ ಸಿಕ್ತ್ರಿ."

ನಾನು ಮೊದಲು ಕೊಟ್ಟ ಹಾಳೆಯ ಬಗ್ಗೆ ಸರ್ ಅವಳಿಗೆ ಏನೂ ಹೇಳಿರಲಿಲ್ಲ. ಆರು ವಾರ ಸಿಗಬೇಕಿತ್ತು ಎಂದು ನಾನೂ ಹೇಳಲಿಲ್ಲ.