ಗಾಡಿ ಆಮ್ಯಾಲೆ ತುಂಬತದ

ನವನಗರದಲ್ಲಿ ನಮ್ಮ ಮೇಲಿನ ಮನೆಯವರು ತಮ್ಮ ಕರೆಂಟು ಕಾರಿನ ಚಾರ್ಜರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಕರೆಂಟು ಬರುತ್ತಿದೆಯೋ ಇಲ್ಲವೋ ಕೈಗೇ ತಿಳಿಯುವಂತೆ. ಎರಡು ಮನೆಗೂ ಒಂದೇ ಮೀಟರು. ನಮ್ಮ ಕಾರಿನ ಚಾರ್ಜರೂ ಅವರದೂ ಕರೆಂಟು ಹಂಚಿಕೊಳ್ಳುತ್ತಿದ್ದವು. ಅವರು ಹೆಂಡತಿಯನ್ನು ಡಯಾಲಿಸಿಸ್ಸಿಗೆ ಹುಬ್ಬಳ್ಳಿಗೆ ಒಯ್ಯುತ್ತಿದ್ದದ್ದು ತಮ್ಮ ಆ ಕಾರಿನಲ್ಲೇ.

ಅವರ ಕಡೆ ಕರೆಂಟು ಸದಾ ಏರಿಳಿಯುತ್ತಿತ್ತು. ನಮ್ಮ ಕಾರಿನ ವೈರು ಕಿತ್ತಿಟ್ಟರೂ ಅಷ್ಟೇ. ನಳದ ನೀರು ಬಂದ ದಿನ ನಾನು ಮೋಟರು ಹಚ್ಚಿದರಂತೂ ನಿಂತೇ ಬಿಡುತ್ತಿತ್ತು. ಮೋಟರು ಬಂದ್ ಮಾಡಲು ಹೋದರೆ ಅವರೇ ತಡೆಯುತ್ತಿದ್ದರು.

"ನೀರು ಮತ್ತ ಯಾವಾಗ ಬರ್ತಾವೋ ಏನೋ, ತುಂಬ್ಕೋರಿ ವೈನಿ. ಗಾಡಿ ಆಮ್ಯಾಲೆ ತುಂಬತದ."

ಅರ್ಧ ತುಂಬಿದ ಕಾರನ್ನು ಏಸಿ ಹಚ್ಚದೆ ನಿಧಾನವಾಗಿ ಓಡಿಸುತ್ತಿದ್ದರು. "ಇವರ ಗಾಡಿಗಿಂತ ಎತ್ತಿನ ಚಕ್ಕಡಿ ಛಲೋ ಇತ್ತು ನೋಡ್ರಿ," ಎಂದು ಬೆವರು ಒರೆಸಿಕೊಳ್ಳುತ್ತ ಆಕೆ ನಗುತ್ತಿದ್ದರು.

ನಾಳೆ, ನಾಡಿದ್ದು ಎನ್ನುತ್ತಿದ್ದ ಮೆಕ್ಯಾನಿಕ್ ಕೊನೆಗೆ ಬಂದಾಗ ಆಕೆ ತೀರಿಹೋಗಿದ್ದರು. ಮನೆಯ ಲೋಡು ಅಳೆದು ಚಾರ್ಜರಿಗೆ ಎಷ್ಟು ಕರೆಂಟು ಬಿಡಬೇಕೆಂದು ಹೇಳುವ ಕ್ಲಿಪ್ಪು ಮೋಟರಿನ ನಡುಕಕ್ಕೆ ಬಾಯಿ ಬಿಟ್ಟಿತ್ತಂತೆ. ಬೆರಳಿನಿಂದ ಒತ್ತಿ ಮುಚ್ಚಿ ಹೋದ.

ಮುಂದೆ ನೀರು ಬಂದ ದಿನ ಮೋಟರು ಹಚ್ಚಿದೆ. ಕರೆಂಟು ಕದಲಲಿಲ್ಲ. ಅವರು ಮಾತ್ರ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು.

"ಪೂರಾ ತುಂಬೇದ್ರಿ ವೈನಿ," ಎಂದರು. "ಎಲ್ಲಿಗೆ ಒಯ್ಲಿ ಈಗ?"